ಮೂರನೆಯವರಿಗೆ ಮಾತ್ರ ವಿಮೆ

ನಮ್ಮ ಎದುರುಗಡೆ ಕಟ್ಟಡದ ಕೆಳಗಿನ ರೂಮಿನಲ್ಲಿ ಮಾಲೀಶು ಮಾಡುವ ಬೆಚ್ಚಗಣ್ಣ ಒಂದು ಬೆಳಿಗ್ಗೆ ಏಣಿ ತರಿಸಿ ತನ್ನ ಬೋರ್ಡಿಗೆ ಇನ್ನೊಂದು ಸಾಲು ಬರೆಸಿದ. ಮೇಲಿನ ಸಾಲು ಹಳೆಯದು: "ಕತ್ತು, ಭುಜ, ಸೊಂಟ, ಮಂಡಿ." ಕೆಳಗಿನದು ಹೊಸದು: "ವಿಮೆ ಸಹಿತ." ಒಟ್ಟಿಗೆ ಓದಿದವರಿಗೆ ವಿಮೆಯೂ ದೇಹದ ಒಂದು ಭಾಗವೇ ಇರಬೇಕು, ಮಂಡಿಯ ಕೆಳಗೆಲ್ಲೋ ಬರುತ್ತದೆ ಎನಿಸುವ ಹಾಗಿತ್ತು. ನಾನೇ ಒಂದು ಸಲ ಬಗ್ಗಿ ನೋಡಿಕೊಂಡೆ.

ಬೆಚ್ಚಗಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಯಾರ ಮೈ ಮುಟ್ಟುವ ಮೊದಲೂ ಅವನು ಅಂಗೈಗಳನ್ನು ಉಜ್ಜಿ ಕಾಯಿಸಿ, ತನ್ನ ಕೆನ್ನೆಗೇ ಒತ್ತಿ ನೋಡಿ, ಆಮೇಲೆ ಕೈ ಇಟ್ಟು "ಬೆಚ್ಚಗಿದೆಯಾ?" ಎಂದು ಕೇಳುತ್ತಾನೆ. ಕಡುಬೇಸಗೆಯಲ್ಲೂ ಕೇಳುತ್ತಾನೆ. ಒಳ್ಳೆಯ ಕೈ, ಒಳ್ಳೆಯ ಮನಸ್ಸು. ಇವೆರಡರ ನಡುವೆ ಇರುವ ತಲೆಗೆ ಮಾತ್ರ ಯಾವ ವಿಷಯವೂ ನೆಟ್ಟಗೆ ಬಂದು ಸೇರುವುದಿಲ್ಲ. ಬಂದರೂ ಬಳಸುದಾರಿಯಲ್ಲಿ ಬರುತ್ತದೆ.

ವಿಮೆಯ ಆಸೆ ಅವನಿಗೆ ತಾನಾಗಿ ಹುಟ್ಟಿದ್ದಲ್ಲ. ಕಟ್ಟಡದ ಮಾಲೀಕರು ನೀರು ಸರಬರಾಜು ಇಲಾಖೆಯಿಂದ ನಿವೃತ್ತರಾದವರು. ಕೆಲಸದಲ್ಲಿದ್ದಷ್ಟು ಕಾಲ ಯಾರ ಬೀದಿಯಲ್ಲಿ ಪೈಪು ಒಡೆದರೂ ಬೈಗುಳ ಇವರಿಗೇ ಬಂದು ಬೀಳುತ್ತಿತ್ತಂತೆ. ಹಾಗಾಗಿ ಈಗ ಅವರ ಕಣ್ಣಿಗೆ ಬಾಡಿಗೆದಾರರೆಲ್ಲ ಇಂದೋ ನಾಳೆಯೋ ಸೋರುವ ಪೈಪುಗಳು. ಎಲ್ಲೋ ಯಾರೋ ಮಾಲೀಶು ಮಾಡಿಸಿಕೊಂಡವನ ಭುಜ ಜಾರಿತು, ಅವನು ತಿಕ್ಕಿದವನ ಜೊತೆಗೆ ಕಟ್ಟಡದವನನ್ನೂ ಕೋರ್ಟಿಗೆ ಎಳೆದ ಎಂದು ಅವರು ಪೇಪರಿನಲ್ಲಿ ಓದಿದರು. ಅಂದು ಸಂಜೆಯೇ ಬಾಗಿಲಿಗೆ ಬಂದು ನಿಂತರು.

"ವ್ಯಾಪಾರಕ್ಕೆ ಅಂತ ಒಂದು ವಿಮೆ ಇರತ್ತೆ. ಮಾಡಿಸ್ಕೊಳ್ಳಿ. ಇಲ್ಲ ಅಂದ್ರೆ ಈ ತಿಂಗಳ ಕೊನೆಗೆ ರೂಮು ಬಿಡಿ."

"ನನ್ನ ಕೈಯಿಂದ ಇವತ್ತಿನವರೆಗೆ ಯಾರಿಗೂ ಏನೂ ಆಗಿಲ್ಲ ಸರ್."

"ಒಡೆಯೋವರೆಗೆ ಪೈಪೂ ಹಾಗೇ ಹೇಳತ್ತೆ," ಎಂದು ಅವರು ಹೊರಟುಹೋದರು.

ಬೆಚ್ಚಗಣ್ಣನಿಗೆ ಆ ರೂಮು ಬಿಟ್ಟರೆ ಬೇರೆ ಗತಿ ಇಲ್ಲ. ಮೊದಲು ಅವನು ಎಣ್ಣೆಯ ಚೀಲ, ಮಡಿಸುವ ಮಂಚ ಹೊತ್ತು ಮನೆಮನೆಗೆ ಅಲೆಯುತ್ತಿದ್ದ. ಹಾಗೆ ಅಲೆದೂ ಅಲೆದೂ ಊರಿನವರ ಸೊಂಟವೆಲ್ಲ ಸರಿಯಾಗಿ ಅವನ ಸೊಂಟ ಬಿದ್ದುಹೋಯಿತು. ರೂಮು ಸಿಕ್ಕ ಮೇಲೆಯೇ ಅವನು ನೆಟ್ಟಗೆ ನಿಂತಿದ್ದು. ಅದು ಕೈತಪ್ಪಿದರೆ ಮತ್ತೆ ಚೀಲ ಹೊರಬೇಕು. ಹೊರುವ ಬೆನ್ನು ಈಗ ಅವನಲ್ಲಿ ಉಳಿದಿರಲಿಲ್ಲ.

ಹಾಗಾಗಿ ಮರುದಿನವೇ ವಿಮೆ ಕಂಪನಿಗೆ ಫೋನು ಹೋಯಿತು. ಎಲ್ಲ ಅನರ್ಥಕ್ಕೂ ಆ ಫೋನೇ ಮೂಲ. ಅತ್ತ ಕಡೆ ಒಬ್ಬ ಏಜೆಂಟ್ ಮಾತಾಡುತ್ತಿದ್ದ. ಇತ್ತ ಕಡೆ ಬೆಚ್ಚಗಣ್ಣ, ಪಕ್ಕದಲ್ಲಿ ಕಿವಿಯಿಟ್ಟ ಅವನ ಭಾವಮೈದ, ಹಿಂದೆ ಗರಗರನೆ ಓಡುವ ಹೊಲಿಗೆ ಯಂತ್ರ. ಅವನ ಹೆಂಡತಿ ಕಿಟಕಿ ಪರದೆ ಹೊಲಿಯುವವಳು. ಮನೆಗೆ ಕಾಲಕಾಲಕ್ಕೆ ಬರುವ ದುಡ್ಡು ಅವಳದೇ ಆದ್ದರಿಂದ ಯಂತ್ರ ನಿಲ್ಲಿಸು ಎನ್ನುವ ಧೈರ್ಯ ಇಬ್ಬರಿಗೂ ಇರಲಿಲ್ಲ.

"ಸರ್, ನಿಮ್ಮ ಕೆಲಸದಿಂದ ಮೂರನೆಯವರಿಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಖರ್ಚೆಲ್ಲ ಕಂಪನಿ ನೋಡ್ಕೊಳ್ಳತ್ತೆ," ಎಂದ ಏಜೆಂಟ್.

"ಮೂರನೆಯವರಿಗಾ?"

"ಹೂಂ ಸರ್, ಮೂರನೆಯವರಿಗೆ ಮಾತ್ರ."

ಆಮೇಲೆ ಅವನು ಇನ್ನೂ ಏನೋ ವಿವರಿಸಿದ. ಅದಷ್ಟೂ ಪರದೆಯ ಅಂಚಿನ ಜೊತೆ ಹೊಲಿದುಹೋಯಿತು.

ಫೋನಿಟ್ಟ ಬೆಚ್ಚಗಣ್ಣ ಭಾವಮೈದನ ಮುಖ ನೋಡಿದ. ಈ ಭಾವಮೈದ ಕಾನೂನು ಕಾಲೇಜಿನ ಒಳಗೆ ಒಂದು ವರ್ಷ, ಹೊರಗಿನ ಕಟ್ಟೆಯ ಮೇಲೆ ನಾಲ್ಕು ವರ್ಷ ಕಳೆದವನು. ಕೆಲಸ ಹುಡುಕುತ್ತಾ ಅಕ್ಕನ ಮನೆಯಲ್ಲಿದ್ದ. ಬೀದಿಯವರು ಅವನನ್ನು ವಕೀಲ ಎಂದೇ ಕರೆಯುತ್ತಿದ್ದರು. ಗೌರವಕ್ಕೆ ಎಂದು ಅವನು ತಿಳಿದಿದ್ದ.

"ಮೂರನೆಯವರಿಗೆ ಮಾತ್ರ ಅಂದ್ನಲ್ಲೋ. ಹಾಗಾದ್ರೆ ಮೊದಲು ಬಂದವರಿಗೆ?"

"ಮೊದಲು ಬಂದವರಿಗೆ ದೇವರೇ ಗತಿ ಭಾವ."

"ಎರಡನೆಯವರಿಗೆ?"

"ಅವರಿಗೂ ಅವನೇ."

ಯಂತ್ರ ನಿಂತಿತು. "ಇದೆಂಥ ವಿಮೆ? ಮೊದಲ ಇಬ್ಬರೇನು ಮನುಷ್ಯರಲ್ವಾ?" ಎಂದಳು ಹೆಂಡತಿ.

"ಅಕ್ಕ, ಕಂಪನಿಯವರು ದಡ್ಡರಲ್ಲ. ಬೆಳಿಗ್ಗೆ ಎದ್ದು ಮೊದಲ ಇಬ್ಬರನ್ನ ತಿಕ್ಕುವಾಗ ಕೈ ಇನ್ನೂ ಬಿಗಿಯಾಗಿರತ್ತೆ. ಅಪಾಯ ಜಾಸ್ತಿ. ಮೂರನೆಯವರ ಹೊತ್ತಿಗೆ ಕೈ ಹದಕ್ಕೆ ಬಂದಿರತ್ತೆ. ಅದಕ್ಕೇ ಅವರಿಗೆ ವಿಮೆ. ಕಂಪನಿಗೂ ನಷ್ಟ ಆಗಬಾರದಲ್ಲ."

ಸುಳ್ಳಿಗೆ ಇಷ್ಟು ಒಳ್ಳೆಯ ಕಾರಣ ಸಿಕ್ಕರೆ ನಿಜ ಹತ್ತಿರ ಸುಳಿಯುವುದಿಲ್ಲ. ಬೆಚ್ಚಗಣ್ಣ ಕಂತಿನ ಹಣ ಕಟ್ಟಿದ, ಮಾಲೀಕರಿಗೆ ತಿಳಿಸಿದ, ಬೋರ್ಡು ಬರೆಸಿದ. ನಾನು ಮಾಮೂಲಿನಂತೆ ಎಡಮಂಡಿಯನ್ನು ಮುಂದೆ ಬಿಟ್ಟುಕೊಂಡು ಬೆಳಿಗ್ಗೆಯೇ ಹೋದೆ.

"ದೊಡ್ಡಮ್ಮ, ಮನೆಗೆ ಹೋಗಿ. ಇಬ್ಬರು ಆದ ಮೇಲೆ ಬನ್ನಿ," ಎಂದ.

"ಯಾಕಪ್ಪ? ಖಾಲಿ ಇದ್ದೀಯಲ್ಲ."

ಅವನು ವಿಷಯ ಹೇಳಿದ. ನಾನು ಕಾಲೇಜು ಓದಿದವಳು ನಿಜ, ಆದರೆ ಓದಿದ್ದು ಇತಿಹಾಸ. ಇದಕ್ಕಿಂತ ವಿಚಿತ್ರವಾದ ಕರಾರುಗಳ ಮೇಲೆ ರಾಜ್ಯಗಳೇ ನಡೆದಿವೆ. ಹಾಗಾಗಿ ತಲೆಯಾಡಿಸಿ ಬಾಗಿಲ ಬೆಂಚಿನ ಮೇಲೆ ಕೂತೆ.

ಮಧ್ಯಾಹ್ನದೊಳಗೆ ಬೀದಿಗೆಲ್ಲ ಗೊತ್ತಾಯಿತು. ನಮ್ಮ ಬೀದಿಯ ಜನ ಸಾಲು ನಿಲ್ಲುವುದರಲ್ಲಿ ಹೆಸರುವಾಸಿಯಲ್ಲ. ಹಾಲಿನಂಗಡಿಯ ಮುಂದೆ ಮೊಣಕೈಯಿಂದಲೇ ಮಾತಾಡುವವರು. ಅಂಥವರು ಬೆಚ್ಚಗಣ್ಣನ ಬಾಗಿಲಲ್ಲಿ ಒಬ್ಬರಿಗೊಬ್ಬರು ದಾರಿ ಬಿಡತೊಡಗಿದರು.

"ನೀವು ಹೋಗಿ, ನೀವು ಹಿರಿಯರು," ಎಂದರು ಬೇಕರಿಯವರು.

"ಛೆ, ನನಗೇನು ಅವಸರ? ನೀವು ಅಂಗಡಿ ಬಿಟ್ಟು ಬಂದಿದ್ದೀರಿ," ಎಂದರು ಔಷಧಿ ಅಂಗಡಿಯವರು.

"ಅಂಗಡಿ ಎಲ್ಲಿ ಹೋಗತ್ತೆ ಬಿಡಿ."

"ನಿಮ್ಮ ಸೊಂಟ ನೋಡಿದ್ರೆ ನನಗೇ ನೋವಾಗತ್ತೆ. ದಯವಿಟ್ಟು ನೀವೇ ಮೊದಲು."

ಹೀಗೆ ಇಬ್ಬರೂ ಸಂಜೆಯವರೆಗೆ ಸೌಜನ್ಯ ತೋರಿಸಿ, ನೋವು ಹೊತ್ತುಕೊಂಡೇ ಮನೆಗೆ ಹೋದರು. ಬೆಚ್ಚಗಣ್ಣ ಅಂದು ಒಬ್ಬರನ್ನೂ ಮುಟ್ಟಲಿಲ್ಲ. ವಿಮೆ ಇಲ್ಲದೆ ರೂಮು ಹೋಗುತ್ತಿತ್ತು. ವಿಮೆಯಿಂದ ಗಿರಾಕಿ ಹೋಗುವ ಹಾಗಾಯಿತು.

ರಾತ್ರಿ ಊಟಕ್ಕೆ ಕೂತಾಗ ವಕೀಲ ದಾರಿ ತೋರಿಸಿದನಂತೆ. "ಮೊದಲನೆಯವರು, ಎರಡನೆಯವರು ದುಡ್ಡು ಕೊಡೋರೇ ಆಗಬೇಕು ಅಂತ ಕಂಪನಿ ಹೇಳಿಲ್ಲ ಭಾವ. ಮನೆಯವರೂ ಆಗಬಹುದು."

ಮರುದಿನದಿಂದ ಹೆಂಡತಿ ಒಂದು, ಭಾವಮೈದ ಎರಡು. ಇಷ್ಟು ವರ್ಷ ಯಂತ್ರದ ಮೇಲೆ ಬಗ್ಗಿದ್ದ ಆ ಹೆಂಗಸಿನ ಭುಜಕ್ಕೆ ಗಂಡನ ಕೈ ಒಂದು ದಿನವೂ ತಾಕಿರಲಿಲ್ಲ. ಕುಂಬಾರನ ಮನೆಯಲ್ಲಿ ಒಡೆದ ಮಡಕೆ ಎನ್ನುತ್ತಾರಲ್ಲ, ಹಾಗೆ. ಮೊದಲ ದಿನ "ಬೇಗ ಮುಗಿಸಿ, ಪರದೆ ಕೊಡಬೇಕು" ಎಂದು ಕಟ್ಟಿಗೆಯಂತೆ ಕೂತಳು. ನೋಡನೋಡುತ್ತಾ ಅವಳ ಕಿವಿಯ ಹತ್ತಿರ ಏರಿ ಕೂತಿದ್ದ ಭುಜಗಳು ಕೆಳಗಿಳಿದವು. ಎದ್ದವಳು ಮನೆಯಿಂದ ಒಂದು ಲೋಟ ಕಾಫಿ ತಂದು ಎಣ್ಣೆಯ ಬಾಟಲಿಯ ಪಕ್ಕ ಇಟ್ಟು ಹೋದಳು. ಅದಕ್ಕೆ ಮೊದಲು ಅವನು ಕಾಫಿಯನ್ನು ಕೇಳಿಯೇ ಕುಡಿಯಬೇಕಿತ್ತು.

ವಕೀಲನ ಪಾಡು ಬೇರೆ. ದಿನಾ ತಿಕ್ಕಿಸಿಕೊಂಡು ಅವನ ಮೈ ಎಷ್ಟು ಸಡಿಲವಾಯಿತೆಂದರೆ ವಾದಕ್ಕೆ ಬೇಕಾದ ಬಿಗಿಯೇ ಉಳಿಯಲಿಲ್ಲ. ಎದುರಿನವರು ಏನಂದರೂ "ಅದೂ ಸರಿಯೇ" ಎನ್ನತೊಡಗಿದ.

ಆದರೆ ನಾಲ್ಕನೆಯವರು ಬಂದಾಗ ತೊಡಕಾಯಿತು. ಮೂರರ ನಂತರ ನಾಲ್ಕೋ, ಮತ್ತೆ ಒಂದೋ? ವಕೀಲ ಮಂಚದ ಮೇಲಿನಿಂದಲೇ ತೀರ್ಪು ಕೊಟ್ಟ: ಮತ್ತೆ ಒಂದು. ಎಂದರೆ ದುಡ್ಡು ಕೊಡುವ ಪ್ರತಿಯೊಬ್ಬರ ಮುಂದೆಯೂ ಇಬ್ಬರು ಬೇಕು. ಅಷ್ಟು ಮಂದಿ ಯಾವ ಸಂಸಾರದಲ್ಲಿರುತ್ತಾರೆ? ವಕೀಲ ಬೀದಿಗಿಳಿದು ಸಿಕ್ಕವರನ್ನು ಕರೆತರತೊಡಗಿದ. ಅಂಚೆಯವನು ಬಂದ. ಬೀದಿ ಗುಡಿಸುವವನು ಬಂದ. ಮೂಲೆಯ ಇಸ್ತ್ರಿ ಅಂಗಡಿಯ ಹೆಂಗಸು ಬಂದಳು.

ಅವಳು ಒಳಗೆ ಬಂದವಳು ಗೋಡೆಗೆ ಅಂಟಿ ನಿಂತಳು. "ನನಗೆ ವಿಮೆ ಇಲ್ಲವಂತಲ್ಲಣ್ಣ. ಏನಾದ್ರೂ ಆದ್ರೆ?"

"ಏನೂ ಆಗಲ್ಲಮ್ಮ. ಮೆತ್ತಗೆ ಮಾಡ್ತೀನಿ."

"ಮಾಡಿ ಬಿಡಿ. ಈ ಭುಜಕ್ಕೆ ಆಗೋದೆಲ್ಲ ಆಗ್ಲೇ ಆಗಿದೆ," ಎಂದು ಕೂತಳು.

ಬೆಚ್ಚಗಣ್ಣ ಕೈ ಉಜ್ಜಿದ, ಕೆನ್ನೆಗೆ ಒತ್ತಿದ, ಅವಳ ಭುಜದ ಮೇಲಿಟ್ಟು ಕೇಳಿದ, "ಬೆಚ್ಚಗಿದೆಯಾ?"

"ದಿನವೆಲ್ಲ ಇಸ್ತ್ರಿ ಪೆಟ್ಟಿಗೆ ಹಿಡಿಯೋಳನ್ನ ಬಿಸಿ ಕೇಳ್ತೀರಲ್ಲಣ್ಣ," ಎಂದು ನಕ್ಕಳು. ಅವಳು ನಗುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವಳ ಅಂಗಡಿಗೆ ನಾನು ಹೋಗುವುದು ಬಟ್ಟೆ ಇನ್ನೂ ಆಗಿಲ್ಲವೇ ಎಂದು ಕೇಳಲಿಕ್ಕೆ.

ಸುಮ್ಮನೆ ಬಂದವರಿಗೆ ವಿಮೆ ಇಲ್ಲವೆಂಬ ಹೆದರಿಕೆಯಿಂದ ಬೆಚ್ಚಗಣ್ಣ ಅವರನ್ನು ಹತ್ತಿಯ ಹಾಗೆ ನೋಡಿಕೊಳ್ಳುತ್ತಿದ್ದ. ದುಡ್ಡು ಕೊಟ್ಟವರಿಗೆ ಮಾಮೂಲಿ ಕೈ. ಇದು ಬೇಕರಿಯವರ ಕಣ್ಣಿಗೆ ಬಿತ್ತು.

"ವಿಮೆ ಇದೆ ಅಂತ ನನ್ನನ್ನ ಮಾತ್ರ ಹಿಟ್ಟು ನಾದಿದ ಹಾಗೆ ನಾದ್ತಾನೆ ರೀ," ಎಂದು ದೂರಿದರು. ನಾದುವ ವಿಷಯದಲ್ಲಿ ಅವರ ಮಾತಿಗೆ ತೂಕವಿತ್ತು. "ನಾಳೆಯಿಂದ ನಾನು ಒಂದನೆಯವನು."

"ಒಂದನೆಯವರು ಇಸ್ತ್ರಿಯಮ್ಮ. ಅವರನ್ನ ಎಬ್ಬಿಸೋಕಾಗಲ್ಲ," ಎಂದ ವಕೀಲ. ಬೇಕರಿಯವರು ಮುನಿಸಿಕೊಂಡರು, ಮೂರನೆಯವರಾಗಿಯೇ ಉಳಿದರು.

ಮಾಲೀಕರು ದಿನಾ ಮಹಡಿಯಿಂದ ಈ ಜಾತ್ರೆ ನೋಡಿ ಗೊಣಗುತ್ತಿದ್ದರು. ಬಾಡಿಗೆಗೆ ಕೊಟ್ಟಿದ್ದು ರೂಮೋ ಛತ್ರವೋ ಎಂದು ಒಂದೆರಡು ಸಲ ಕೂಗಿ ಕೇಳಿದ್ದರು. ಕೊನೆಗೆ ಒಂದು ಬೆಳಿಗ್ಗೆ ಅವರೇ ಇಳಿದು ಬಂದರು. ಬಂದ ರೀತಿ ಮಾತ್ರ ವಿಶೇಷವಾಗಿತ್ತು. ಮೇಲಿನ ನೀರಿನ ಟ್ಯಾಂಕು ಸೋರುತ್ತಿದೆಯೇ ಎಂದು ಕತ್ತೆತ್ತಿ ನೋಡಿದವರಿಗೆ ಆ ಕತ್ತನ್ನು ಮತ್ತೆ ಇಳಿಸಲು ಆಗಿರಲಿಲ್ಲ. ಆಕಾಶ ನೋಡುತ್ತಾ, ಗೋಡೆ ತಡವುತ್ತಾ ಒಳಗೆ ಬಂದು, ಸೂರಿನಲ್ಲಿದ್ದ ಫ್ಯಾನಿಗೆ ಹೇಳಿದರು, "ಬೇಗ ನೋಡ್ರೀ. ಪ್ರಾಣ ಹೋಗ್ತಾ ಇದೆ."

ಅಂದೇ ಬೇರೆ ಯಾರೂ ಇರಲಿಲ್ಲ. ಹೆಂಡತಿ ಪರದೆ ಕೊಡಲು ಹೋಗಿದ್ದಳು. ವಕೀಲನಿಗೆ ಎಲ್ಲಿಂದಲೋ ಕೆಲಸದ ಸಂದರ್ಶನಕ್ಕೆ ಕರೆ ಬಂದಿತ್ತು. ಇಸ್ತ್ರಿ ಅಂಗಡಿಯ ಬಾಗಿಲು ಇನ್ನೂ ತೆಗೆದಿರಲಿಲ್ಲ. ಬೆಂಚಿನ ಮೇಲೆ ನಾನೊಬ್ಬಳೇ.

ಬೆಚ್ಚಗಣ್ಣ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಸರ್, ಈಗ ಮುಟ್ಟೋಕಾಗಲ್ಲ. ದೊಡ್ಡಮ್ಮನನ್ನ ಸೇರಿಸಿದ್ರೂ ನೀವು ಎರಡನೆಯವರೇ. ನಿಮಗೆ ವಿಮೆ ಬರಲ್ಲ."

"ನನ್ನ ಕತ್ತು ರೀ ಇದು."

"ಅದಕ್ಕೇ ಸರ್. ಬೇರೆ ಯಾರ ಕತ್ತಾದ್ರೂ ಯೋಚನೆ ಮಾಡ್ತಾ ಇರಲಿಲ್ಲ. ವಿಮೆ ಇಲ್ಲದೆ ಒಬ್ಬರನ್ನೂ ಮುಟ್ಟಬಾರದು ಅಂತ ನೀವೇ ಹೇಳಿದ್ದು."

ನಾನು ನಡುವೆ ಬಾಯಿ ಹಾಕಿದೆ. "ನಾನು ಒಂದನೆಯವಳಾಗ್ತೀನಪ್ಪ. ನನ್ನ ಒಂದು ಕಿರುಬೆರಳು ತಿಕ್ಕಿ ಒಂದು ಅಂದ್ಬಿಡು. ಪಾಪ, ನರಳ್ತಾ ಇದ್ದಾರೆ."

"ಕಂಪನಿಗೆ ಮೋಸ ಆಗತ್ತೆ ದೊಡ್ಡಮ್ಮ," ಎಂದು ಅವನು ನನ್ನ ಎರಡೂ ಮಂಡಿಗಳನ್ನು ಮೇಲಿಂದ ಕೆಳಗೆ ಸಾವಧಾನವಾಗಿ ತಿಕ್ಕಿದ. ಇಷ್ಟು ಹಿತವಾದ ಮಾಲೀಶನ್ನು ಇಷ್ಟು ಸಂಕೋಚದಿಂದ ನಾನು ಎಂದೂ ಅನುಭವಿಸಿಲ್ಲ.

ಮಾಲೀಕರು ಕುರ್ಚಿಯಲ್ಲಿ ಕೂತು ವಿಧಿಯಿಲ್ಲದೆ ಸೂರು ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ, "ಇಲ್ಲಿ ತೇವ ಹಿಡಿದಿದೆಯಲ್ಲ," ಎಂದರು.

"ಎರಡು ವರ್ಷದಿಂದ ಹೇಳ್ತಾ ಇದ್ದೀನಿ ಸರ್."

"ನಾನು ಮೇಲೆ ನೋಡಿರಲಿಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ದೊಡ್ಡ ಚೀಲ ನೇತುಹಾಕಿಕೊಂಡ ಒಬ್ಬ ಬೆವರೊರೆಸುತ್ತಾ ನಿಂತ. "ನಮಸ್ಕಾರ, ನಾನು..."

"ಎರಡನೆಯವರು," ಎಂದ ಬೆಚ್ಚಗಣ್ಣ.

"ಅಲ್ಲ, ನಾನು ಬಂದಿದ್ದು..."

"ಯಾರಾದ್ರೂ ಆಗಲಿ, ಮೊದಲು ಮಲಗಿಸ್ರೀ ಅವನನ್ನ," ಎಂದು ಮಾಲೀಕರು ಫ್ಯಾನಿಗೆ ಕೂಗಿದರು.

ಮನುಷ್ಯನ ಮೇಲೆ ಎರಡು ಕಡೆಯಿಂದ ಅಧಿಕಾರ ಬಿದ್ದರೆ ಅವನು ಮಲಗಿಬಿಡುತ್ತಾನೆ. ಚೀಲ ಕೆಳಗಿಳಿಯಿತು. ಅದರ ಪಟ್ಟಿ ಅವನ ಭುಜದಲ್ಲಿ ಒಂದು ಕಾಲುವೆಯನ್ನೇ ತೋಡಿತ್ತು. ಬೆಚ್ಚಗಣ್ಣ ಅದನ್ನು ನೋಡಿ ಲೊಚಗುಟ್ಟಿದ, ಅಂಗೈ ಇನ್ನಷ್ಟು ಉಜ್ಜಿದ. "ಬೆಚ್ಚಗಿದೆಯಾ?" ಎಂಬ ಪ್ರಶ್ನೆಗೆ ಉತ್ತರವಾಗಿ ಗೊರಕೆ ಬಂತು.

"ಮುಗೀತಾ?" ಎಂದರು ಮಾಲೀಕರು.

"ಬಲಭುಜ ಬಾಕಿ ಇದೆ ಸರ್. ಪಾಪ, ತುಂಬಾ ದಣಿದಿದ್ದಾರೆ."

ಕೊನೆಗೂ ಎಬ್ಬಿಸಿದಾಗ ಆ ಮನುಷ್ಯ ತಾನು ಯಾವ ಊರಿನಲ್ಲಿದ್ದೇನೆ ಎಂಬಂತೆ ಸುತ್ತ ನೋಡಿದ. ಬೆಚ್ಚಗಣ್ಣ ಮಾಲೀಕರ ಕಡೆ ತಿರುಗಿ, "ಬನ್ನಿ ಸರ್, ಈಗ ನೀವು ಮೂರನೆಯವರು. ಈಗ ಕತ್ತು ಮುರಿದ್ರೂ ಯೋಚನೆ ಇಲ್ಲ, ವಿಮೆ ಕಂಪನಿಯವರು ನೋಡ್ಕೊಳ್ತಾರೆ," ಎಂದ.

"ವಿಮೆ ಕಂಪನಿಯವನು ನಾನೇ," ಎಂದ ಮಂಚದ ಮೇಲಿದ್ದವನು. "ನಿಮ್ಮ ಪಾಲಿಸಿ ಕೊಡೋಕೆ ಬಂದೆ. ಮೂರನೆಯವರು ಅಂದ್ರೆ ಏನಂದ್ಕೊಂಡಿದ್ದೀರಿ ಸರ್?"

"ಎರಡನೆಯವರು ಆದ ಮೇಲೆ ಬರೋರು."

ಏಜೆಂಟ್ ಕಣ್ಣುಜ್ಜಿಕೊಂಡ. ನಾನು ಕಂಡ ಬೇರೆ ಯಾರೇ ಆಗಿದ್ದರೂ ಅಲ್ಲಿ ಬಿದ್ದು ಬಿದ್ದು ನಗುತ್ತಿದ್ದರು. ಅವನು ನಗಲಿಲ್ಲ. ಮಗುವಿಗೆ ಹೇಳುವಂತೆ ಬೆರಳು ಮಡಿಸಿ ಹೇಳಿದ: "ಒಂದನೆಯವರು ನೀವು, ವಿಮೆ ಮಾಡಿಸಿದವರು. ಎರಡನೆಯವರು ನಾವು, ಕಂಪನಿ. ನೀವೂ ನಾವೂ ಬಿಟ್ಟು ಮಿಕ್ಕ ಲೋಕವೆಲ್ಲ ಮೂರನೆಯವರೇ ಸರ್."

ಬೆಚ್ಚಗಣ್ಣ ತನ್ನ ಬೆರಳುಗಳನ್ನೂ ಒಮ್ಮೆ ಮಡಿಸಿ ನೋಡಿಕೊಂಡ.

"ಲೋಕವೆಲ್ಲ?"

"ಈ ಬಾಗಿಲೊಳಗೆ ಬಂದ ಲೋಕವೆಲ್ಲ."

"ದೊಡ್ಡಮ್ಮನೂ?"

"ಅವರೂ ಮೂರನೆಯವರೇ."

"ಇಸ್ತ್ರಿಯಮ್ಮ? ಅಂಚೆಯವನು?"

"ಎಲ್ಲರೂ."

"ನನ್ನ ಹೆಂಡತಿ?"

ಏಜೆಂಟ್ ತಡವರಿಸಿದ. "ಹೆಂಡತಿ ಮನೆಯವರಾದ್ರು ನೋಡಿ. ಅದನ್ನ ಆಫೀಸಲ್ಲಿ ಕೇಳಿ ಹೇಳ್ತೀನಿ. ಇವತ್ತು ಇಲ್ಲಿಗೆ ಬಂದವರಲ್ಲಿ ಎರಡನೆಯವನು ಅಂತ ಇದ್ರೆ ಅದು ನಾನೊಬ್ಬನೇ. ಅದೊಂದು ನೀವು ಸರಿಯಾಗೇ ಹೇಳಿದ್ರಿ."

ಕುರ್ಚಿಯಿಂದ ಸೂರಿನ ಕಡೆಗೆ ಒಂದು ಧ್ವನಿ ಏರಿತು. "ಅಂದ್ರೆ, ನಾನು ಒಳಗೆ ಬಂದಾಗಲೇ ಮೂರನೆಯವನಾಗಿದ್ದೆ."

"ಹೌದು ಸರ್," ಎಂದ ಏಜೆಂಟ್.

"ಆ ಮುದುಕಿಯ ಮಂಡಿ, ಈ ನಿಮ್ಮ ಗೊರಕೆ, ಇದೆಲ್ಲ ಮುಗಿಯೋವರೆಗೆ ನಾನು ಈ ಫ್ಯಾನು ನೋಡ್ಕೊಂಡು ಕೂತಿದ್ದು ಸುಮ್ಮನೆ."

ಮುದುಕಿ ಎಂದಿದ್ದನ್ನು ನಾನು ಮನ್ನಿಸಿದೆ. ನೋವಿನಲ್ಲಿ ನಿಜ ಹೊರಬರುತ್ತದೆ.

"ವಿಮೆ ಅಂದ್ರೇನು ಅಂತ ಗೊತ್ತಿಲ್ಲದವನ ಕೈಗೆ ನನ್ನ ಕಟ್ಟಡ ಕೊಟ್ಟಿದ್ದೀನಿ. ಇಂಥವನನ್ನ ಇಟ್ಕೊಂಡು ನಾನು ಉದ್ಧಾರ ಆದ ಹಾಗೇ. ಖಾಲಿ ಮಾಡಿ. ತಿಂಗಳ ಕೊನೆ ಅಲ್ಲ, ನಾಳೆನೇ ಖಾಲಿ ಮಾಡಿ."

ಬೆಚ್ಚಗಣ್ಣ ಅಂಗೈಗಳನ್ನು ಉಜ್ಜಿದ, ಕೆನ್ನೆಗೆ ಒತ್ತಿ ನೋಡಿದ, ಮಾಲೀಕರ ಹಿಂದೆ ಹೋಗಿ ನಿಂತು ಕತ್ತಿನ ಮೇಲೆ ಇಟ್ಟ. "ಬೆಚ್ಚಗಿದೆಯಾ ಸರ್?"

"ಬೆಚ್ಚಗೆ ಏನು ಮಣ್ಣು. ನಾಳೆ ಬೆಳಿಗ್ಗೆ ಬೀಗದ ಕೈ ನನ್ನ... ಹಾಂ. ಅಲ್ಲೇ. ಸ್ವಲ್ಪ ಕೆಳಗೆ."

"ಇಲ್ಲೇನಾ ಸರ್?"

"ಅಲ್ಲೇ. ಬೋರ್ಡು ಕಿತ್ತು, ಆ ಬೆಂಚು ತೆಗೆದು... ಅಯ್ಯಪ್ಪ. ಬೆಂಚು ಇರಲಿ, ಬೆಂಚಿನದೇನು ತಪ್ಪು. ಎಡಕ್ಕೆ. ನಾಳೆ ಅಂದ್ರೆ ನಾಳೆನೇ ಅಂತ ನಾನೇನೂ ಹಟ ಹಿಡಿದಿಲ್ಲ."

ಟಕ್ ಎಂದು ಸಣ್ಣ ಸದ್ದಾಯಿತು. ಏಜೆಂಟ್ ಗಾಬರಿಯಿಂದ ಪಾಲಿಸಿಯನ್ನು ಎದೆಗೆ ಅವುಚಿಕೊಂಡ. ಮಾಲೀಕರ ತಲೆ ಮೆಲ್ಲಗೆ ಸೂರಿನಿಂದ ಗೋಡೆಗೆ, ಗೋಡೆಯಿಂದ ನಮ್ಮ ಮುಖಗಳಿಗೆ ಇಳಿಯಿತು. ಅವರು ಒಬ್ಬೊಬ್ಬರನ್ನೇ ನೋಡಿದರು. ಬಹಳ ದಿನಗಳ ನಂತರ ಭೂಮಿಗೆ ಬಂದವರ ಹಾಗೆ ಕಾಣುತ್ತಿದ್ದರು.

"ಖಾಲಿ ಮಾಡಬೇಕು," ಎಂದರು ಎದ್ದು ನಿಲ್ಲುತ್ತಾ. "ತೇವ ಸರಿಮಾಡಿಸೋಕೆ. ಎರಡು ದಿನ ಸಾಕು. ಸಾಮಾನು ನನ್ನ ವರಾಂಡದಲ್ಲಿ ಇಟ್ಕೊಳ್ಳಿ. ಮಳೆಗಾಲಕ್ಕೆ ಮುಂಚೆ ಆಗಿಬಿಡಲಿ."

ಬೆಚ್ಚಗಣ್ಣ ಗೋಡೆಗೆ ಒರಗಿ ಕೂತುಬಿಟ್ಟ. ಏಜೆಂಟ್ ಹೂಜಿಯಿಂದ ನೀರು ಬಗ್ಗಿಸಿ, ಕೇಳದೆಯೇ, ಅವನ ಕೈಗೆ ಕೊಟ್ಟ.

ಸುದ್ದಿ ಬೀದಿಗೆ ಹರಡಿತು. ರೂಮಿಗೆ ಸುಣ್ಣ ಬಳಿದ ಮೇಲೆ ಬೇಕರಿಯವರು, ಔಷಧಿ ಅಂಗಡಿಯವರು ಮೊದಲಿನಂತೆ ಮೊಣಕೈ ಚಾಚಿಕೊಂಡು ನುಗ್ಗಿದರು. ಆ ಗಲಾಟೆಯಲ್ಲಿ ಇಸ್ತ್ರಿ ಅಂಗಡಿಯವಳು ಬಾಗಿಲವರೆಗೆ ಬಂದು, ಹೊರಗೇ ನಿಂತಳು.

"ನಮ್ಮ ಕೆಲಸ ಮುಗೀತಂತಲ್ಲಣ್ಣ. ಹೇಳಿ ಹೋಗೋಣ ಅಂತ ಬಂದೆ."

ಸುಮ್ಮನೆ ಬಾ ಎಂದರೆ ಅವಳು ಬರುವವಳಲ್ಲ; ಪುಕ್ಕಟೆ ಏನನ್ನೂ ಮುಟ್ಟದ ಹೆಂಗಸು. ಇಷ್ಟು ದಿನ ಅವಳು ಬಂದಿದ್ದು ಉಪಕಾರ ಪಡೆಯಲಿಕ್ಕಲ್ಲ, ಮಾಡಲಿಕ್ಕೆ. ಬೆಚ್ಚಗಣ್ಣ ದಿಕ್ಕು ತೋಚದೆ ಭಾವಮೈದನ ಕಡೆ ನೋಡಿದ.

ವಕೀಲನಿಗೆ ಅಂದಿನ ಸಂದರ್ಶನದಲ್ಲಿ ಕೆಲಸ ಸಿಕ್ಕಿರಲಿಲ್ಲ. ಕೇಳಿದ್ದಕ್ಕೆಲ್ಲ "ಅದೂ ಸರಿಯೇ" ಎಂದು ಬಂದಿದ್ದ. ಈಗ ಮಾತ್ರ ಎಷ್ಟೋ ದಿನಗಳ ನಂತರ ಎದೆ ಸೆಟೆಸಿ ನಿಂತ.

"ಯಾರು ಹೇಳಿದ್ದು ಮುಗೀತು ಅಂತ? ಆ ಏಜೆಂಟ್ ಹೇಳಿದ್ದು ನಿದ್ದೆಗಣ್ಣಲ್ಲಿ. ನಿದ್ದೆಗಣ್ಣಲ್ಲಿ ಹೇಳಿದ್ದು ಕಾನೂನಿನಲ್ಲಿ ನಿಲ್ಲಲ್ಲ. ಅವನು ಪೂರ್ತಿ ಎಚ್ಚರ ಇದ್ದಾಗ ಬಂದು ಹೇಳೋವರೆಗೆ ಒಂದು, ಎರಡು ಇರಲೇಬೇಕು. ಇಲ್ಲ ಅಂದ್ರೆ ಭಾವನಿಗೆ ತೊಂದರೆ. ಕೂತ್ಕೊಳ್ಳಿ ಇಸ್ತ್ರಿಯಮ್ಮ, ನೀವೇ ಹೀಗೆ ಕೈಬಿಟ್ರೆ ಹೇಗೆ?"

"ಹೌದಾ ದೊಡ್ಡಮ್ಮ?" ಎಂದು ಅವಳು ನನ್ನನ್ನು ಕೇಳಿದಳು. ಓದಿದವಳೆಂದು ಅವಳಿಗೆ ನನ್ನ ಮೇಲೆ ನಂಬಿಕೆ.

"ಇತಿಹಾಸದಲ್ಲೆಲ್ಲ ಹಾಗೇ ಇದೆಯಮ್ಮ," ಎಂದೆ.

ಅವಳು ಬಂದು ಕೂತಳು. ಬೇಕರಿಯವರು ಏನೋ ಹೇಳಲು ಬಾಯಿ ತೆರೆದವರು, ನನ್ನ ಮುಖ ನೋಡಿ, "ಹೌದೌದು, ನಾನು ಮೂರನೆಯವನು," ಎಂದು ಬೆಂಚಿನ ತುದಿಗೆ ಸರಿದರು.

ಏಜೆಂಟ್ ಈಗ ವಾರಕ್ಕೊಮ್ಮೆ ಬರುತ್ತಾನೆ. ವಿಷಯ ಇತ್ಯರ್ಥ ಮಾಡಲೆಂದೇ ಬರುವುದು ಎನ್ನುತ್ತಾನೆ. ಚೀಲ ಇಳಿಸಿ ಮಲಗುತ್ತಾನೆ, "ಬೆಚ್ಚಗಿದೆಯಾ?" ಎನ್ನುವಷ್ಟರಲ್ಲಿ ಗೊರಕೆ ಹೊಡೆಯುತ್ತಾನೆ, ಎದ್ದವನು ಅರ್ಧ ನಿದ್ದೆಯಲ್ಲೇ ಚೀಲ ಹುಡುಕಿಕೊಂಡು ಹೋಗುತ್ತಾನೆ. ಹೆಂಡತಿಯ ವಿಷಯವನ್ನೂ ಆಫೀಸಿನಲ್ಲಿ ಕೇಳಿ ಹೇಳಿಲ್ಲ. ಅವಳೂ ದಿನಾ ಬಂದು ಕೂರುತ್ತಾಳೆ. ಅವನು ಪೂರ್ತಿ ಎಚ್ಚರವಾಗಿ ಮಾತಾಡುವ ಯೋಗ ನಮ್ಮ ಬೀದಿಗೆ ಇನ್ನೂ ಕೂಡಿಬಂದಿಲ್ಲ. ಯಾರೂ ಅವನನ್ನು ಅವಸರಪಡಿಸುತ್ತಲೂ ಇಲ್ಲ.